ಮರವಂತೆಯಲ್ಲಿ ನಿಲ್ಲಲು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಮಂಗಳೂರಿನಿಂದ ಕಾರವಾರದವರೆಗೆ ಸುಮಾರು 270 ಕಿ.ಮೀ. ಸಾಗುವ ರಾಷ್ಟ್ರೀಯ ಹೆದ್ದಾರಿ 66 ಬಹುಪಾಲು ಚತುಷ್ಪಥವಾಗಿದೆ. ವಾಹನಗಳ ವೇಗ ಹೆಚ್ಚಿದೆ, ಪ್ರವಾಸಿಗರ ಸಂಖ್ಯೆಯೂ ಹೆಚ್ಚಿದೆ. ಆದರೆ ಈ ದಾರಿ ಹಿಡಿದು ಬರುವವರಲ್ಲಿ ಅನೇಕರು ಊರು ತಲುಪುವ ಅವಸರದವರಲ್ಲ, ನಡುನಡುವೆ ಇಳಿದು ಕಡಲು ನೋಡಲೆಂದೇ ಬರುವವರು. ಅವರು ಎಲ್ಲಿ ಇಳಿಯಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ರಸ್ತೆಯ ಯೋಜನೆಯಲ್ಲಿ ತಕ್ಕ ಉತ್ತರವಿಲ್ಲ.

ಮರವಂತೆಯನ್ನೇ ನೋಡೋಣ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ಎರಡರ ನಡುವೆ ಹೆದ್ದಾರಿ. ಇಲ್ಲಿ ನಿಲ್ಲದೆ ಮುಂದೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ, ಆಗಬೇಕೆಂದು ಹೇಳುವುದೂ ಸರಿಯಲ್ಲ. ಕುಂದಾಪುರದಿಂದ ಬೈಂದೂರಿನತ್ತ ಹೋಗುವವರಿಗೆ ಕಡಲು ಎಡಕ್ಕೇ ಸಿಗುವುದರಿಂದ ಅವರು ರಸ್ತೆಯಂಚಿಗೆ ಸರಿದು ಇಳಿದುಬಿಡುತ್ತಾರೆ. ಭಟ್ಕಳದ ಕಡೆಯಿಂದ ಬರುವವರ ಪಾಡು ಬೇರೆ. ನದಿಯ ಬದಿಯಲ್ಲಿ ಟೆಂಪೊ ಟ್ರಾವೆಲರ್ ನಿಲ್ಲಿಸಿ, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ಮೀನಿನ ಲಾರಿಗಳೂ ಎಕ್ಸ್‌ಪ್ರೆಸ್ ಬಸ್ಸುಗಳೂ ಧಾವಿಸುವ ಹೆದ್ದಾರಿಯನ್ನು ಡಿವೈಡರ್ ಹತ್ತಿಳಿದು ದಾಟುತ್ತಾರೆ. ಸೂರ್ಯ ಮುಳುಗಿ ಕತ್ತಲಾವರಿಸಿದ ಮೇಲೆ ಅದೇ ದಾರಿಯಲ್ಲಿ ಮರಳಬೇಕು. ವಾಹನ ನಿಲ್ಲಿಸಲು ಈಗಿರುವ ಜಾಗ ರಜಾದಿನಗಳಲ್ಲಂತೂ ಏನೇನೂ ಸಾಲದು.

ನಿಲ್ಲುವ ಜಾಗದ ಆಯ್ಕೆ ಬರೀ ಅನುಕೂಲದ ಮಾತಲ್ಲ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ನಮಗೆ ತೋರಿಸಿತು. ಅಂದು ಕುಸಿದ ಗುಡ್ಡದ ಬುಡದಲ್ಲಿದ್ದದ್ದು ಒಂದು ಚಹಾದಂಗಡಿ. ಎದುರಿಗೆ ಗಂಗಾವಳಿ ನದಿ. ಅಂಗಡಿ ನಡೆಸುತ್ತಿದ್ದ ಕುಟುಂಬವೂ ಅಲ್ಲಿ ನಿಂತಿದ್ದ ವಾಹನಗಳವರೂ ಮಣ್ಣುಪಾಲಾದರು, ನೀರುಪಾಲಾದರು. ದೂರದಿಂದ ಬಂದ ಚಾಲಕ ಒಂದು ಲೋಟ ಚಹಾಕ್ಕೆ ಗಾಡಿ ನಿಲ್ಲಿಸುವಾಗ ಮೇಲಿನ ಗುಡ್ಡವನ್ನು ಪರೀಕ್ಷಿಸಿ ನಿಲ್ಲಿಸಲಾರ. ಆ ಕೆಲಸ ರಸ್ತೆಯ ಹೊಣೆ ಹೊತ್ತವರದು. ಗುಡ್ಡ ಕಡಿದ ಕಡೆಗಳಲ್ಲಿ ನಿಲುಗಡೆ ನಿಷೇಧಿಸಿ ಫಲಕ ಹಾಕಿದರೆ ಸಾಲದು, ಕೆಲವೇ ಕಿ.ಮೀ. ಮುಂದೆ ಸುರಕ್ಷಿತ ತಂಗುದಾಣ, ಶೌಚಾಲಯ, ಕುಡಿಯುವ ನೀರು ಇದೆ ಎಂದು ತಿಳಿಸುವ ಫಲಕವೂ ಬೇಕು. ಮಹಿಳೆಯರು ಮತ್ತು ವೃದ್ಧರು ಶೌಚಾಲಯಕ್ಕಾಗಿ ಪೆಟ್ರೋಲ್ ಬಂಕ್‌ಗಳನ್ನು ಹುಡುಕಿಕೊಂಡು ಪ್ರಯಾಣಿಸಬೇಕಾದ ಸ್ಥಿತಿ ನಾಚಿಕೆಗೇಡು.

ಪ್ರವಾಸಿಗರಲ್ಲಿಯೂ ಒಂದು ವಿನಂತಿ. ಕಾಪು ದೀಪಸ್ತಂಭ, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಕತ್ತಲಲ್ಲಿ ವೇಗವಾಗಿ ಓಡುವುದೊಂದೇ ಉಳಿಯುತ್ತದೆ. ಎರಡು ಮೂರು ಕಡೆ ಸಾಕಷ್ಟು ಹೊತ್ತು ನಿಲ್ಲುವುದು ಮೇಲು. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ; ಆಗ ಕುಮಟಾ ಸಮೀಪದ ಮಿರ್ಜಾನ್ ಕೋಟೆ ನೋಡಬಹುದು, ಪಾಚಿ ಹಬ್ಬಿದ ಅದರ ಗೋಡೆಗಳಿಗೆ ಮಳೆಯಲ್ಲೇ ಕಳೆ. ನೀರಿಗಿಳಿಯುವ ಆಸೆಯಿದ್ದರೆ ಸ್ವಚ್ಛತೆ, ಸುರಕ್ಷತೆಗಳನ್ನು ನೋಡಿ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡಿನಂತಹ ಕಡಲತೀರವನ್ನು ಆರಿಸಿಕೊಂಡು, ಜೀವರಕ್ಷಕ ಸಿಬ್ಬಂದಿ ಇದ್ದಾರೆಯೇ ಎಂದು ನೋಡಿಯೇ ಇಳಿಯಲಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲು ಪಾಲಾದದ್ದನ್ನು ಕರಾವಳಿಯವರು ಮರೆತಿಲ್ಲ.

ತಂಗುದಾಣಗಳು ಬಂದರೆ ಸ್ಥಳೀಯರ ವ್ಯಾಪಾರ ಕೆಡುತ್ತದೆ ಎಂಬ ಆತಂಕವನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಕುಮಟಾದ ಆಸುಪಾಸು ಹೆದ್ದಾರಿಯಂಚಿನಲ್ಲಿ ಸಿಹಿ ಈರುಳ್ಳಿಯನ್ನು ಜಡೆ ಹೆಣೆದಂತೆ ಕಟ್ಟಿ ಗಳಕ್ಕೆ ತೂಗುಹಾಕಿ ಮಾರುತ್ತಾರೆ. ಅಂಕೋಲೆಯಲ್ಲಿ ಕರಿ ಇಶಾಡು ಮಾವಿನ ಬುಟ್ಟಿಗಳು ಕಾಣಿಸುತ್ತವೆ. ಅವನ್ನು ಕಂಡ ಕಾರುಗಳು ಇಂಡಿಕೇಟರ್ ಕೂಡ ಹಾಕದೆ ಗಕ್ಕನೆ ನಿಂತಾಗ ಹಿಂದಿನವರಷ್ಟೇ ಅಲ್ಲ, ಬಿಸಿಲಲ್ಲಿ ಕುಳಿತ ಮಾರಾಟಗಾರರೂ ಅಪಾಯಕ್ಕೆ ಸಿಲುಕುತ್ತಾರೆ. ತಂಗುದಾಣದಲ್ಲಿ ಮೊದಲ ಜಾಗ ಇವರಿಗೇ ಸಿಗಬೇಕು, ದೊಡ್ಡ ಮಳಿಗೆಗಳಿಗಲ್ಲ.

ಎಲ್ಲವೂ ಒಮ್ಮೆಲೇ ಆಗಲಿ ಎಂದು ಕೇಳುತ್ತಿಲ್ಲ. ಶಾಲಾ ಪ್ರವಾಸಗಳು ಬಿರುಸಾಗುವ ಡಿಸೆಂಬರ್‌ಗೆ ಮೊದಲು ಮರವಂತೆಯಲ್ಲಿ ಹೆದ್ದಾರಿಯಿಂದ ಪ್ರತ್ಯೇಕವಾದ ವಾಹನ ನಿಲುಗಡೆ, ನದಿಯ ಬದಿಯಿಂದ ಕಡಲ ಬದಿಗೆ ದಾಟಲು ಒಂದು ಮೇಲ್ಸೇತುವೆ ಅಥವಾ ಕನಿಷ್ಠ ಸಿಬ್ಬಂದಿ ಕಾವಲಿರುವ ದಾಟುದಾರಿ, ಮತ್ತು ಅಲ್ಲಿಗೆ ಎರಡು ಕಿ.ಮೀ. ಮೊದಲೇ ಎರಡೂ ದಿಕ್ಕಿನಿಂದ ಸೂಚನಾ ಫಲಕ, ಇಷ್ಟನ್ನು ಸಂಬಂಧಪಟ್ಟವರು ಕೈಗೆತ್ತಿಕೊಳ್ಳಲಿ.

– ಓರ್ವ ಓದುಗ, ಕುಂದಾಪುರ