ಬಾಗಿಲಿಗೆ ಗಾಜು ಯಾಕೆ ಹಾಕಿಸಿದ್ದೇವೆ

ಪ್ರಿಯ ಪೋಷಕರೇ,

ರಜೆ ಮುಗಿಸಿ ನೈರೋಬಿಯ ನಮ್ಮ ಶಾಲೆಗೆ ಮಕ್ಕಳನ್ನು ಬಿಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: "ಮೇಡಂ, ಬಾಗಿಲುಗಳಿಗೆ ಏನಾಯ್ತು?" ಮ್ಯೂಸಿಕ್ ರೂಮು, ಲ್ಯಾಬ್ ಪಕ್ಕದ ಸ್ಟೋರು, ಕೌನ್ಸೆಲಿಂಗ್ ರೂಮು, ಕೊನೆಗೆ ನನ್ನ ಆಫೀಸು. ನಾಲ್ಕು ಬಾಗಿಲುಗಳ ಮರ ಕೊಯ್ದು ಫುಂಡಿಗಳು (ಇಲ್ಲಿನ ಕೆಲಸಗಾರರು) ಗಾಜು ಕೂರಿಸಿ ಹೋಗಿದ್ದಾರೆ. ಪುಟ್ಟಿ ಒಣಗುವ ಮೊದಲೇ ನಾಲ್ಕನೇ ಕ್ಲಾಸಿನವರು ಬೆರಳಿಂದ ಒತ್ತಿ ಒತ್ತಿ ಗುಳಿ ಮಾಡಿಟ್ಟಿದ್ದಾರೆ. ಒಳಗೆ ಒಬ್ಬ ಟೀಚರ್, ಒಂದು ಮಗು ಮಾತ್ರ ಇದ್ದರೆ ಕಾರಿಡಾರಿನಲ್ಲಿ ಹೋಗುವವರಿಗೆ ಕಾಣಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಬಾರದು, ಅದಕ್ಕೇ ಈ ಗಾಜು.

ಇಂಗ್ಲಿಷ್ ಸರ್ಕ್ಯುಲರ್ ಎಲ್ಲರಿಗೂ ತಲುಪಿದೆ. ನಮ್ಮ ಕನ್ನಡದ ಮನೆಗಳಿಗೆ ಬೇರೆಯಾಗಿ ಬರೆಯುತ್ತಿದ್ದೇನೆ. ಇಂಥ ವಿಷಯ ಇಂಗ್ಲಿಷಿನಲ್ಲಿ ಇದ್ದರೆ ಯಾರಿಗೋ ಬರೆದದ್ದು ಅನ್ನಿಸಿಬಿಡುತ್ತೆ, ಅಲ್ವಾ? ಗೇಟಿನ ಹತ್ತಿರ ಒಬ್ಬರು ಹೇಳಿಯೂ ಬಿಟ್ಟರು: "ಅದೆಲ್ಲ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮೇಡಂ, ನಮ್ಮಂಥವರ ಶಾಲೇಲಿ ಎಲ್ಲಿ?" 2014ರಲ್ಲಿ ಬೆಂಗಳೂರಿನಲ್ಲಿ ಇಂಥದ್ದೇ ಆರೋಪಕ್ಕೆ ದುಬಾರಿ ಫೀಸಿನ ಶಾಲೆಯ ಮುಂದೆ ಪೋಷಕರು ಬೀದಿಗಿಳಿದದ್ದು ಮರೆತುಹೋಯಿತೇ? ಫೀಸು ಜಾಸ್ತಿ ಇದ್ದಲ್ಲಿ ಬಾಯಿ ಮುಚ್ಚಿಸುವ ಶಕ್ತಿಯೂ ಜಾಸ್ತಿ ಇರುತ್ತೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಬೇರೆ ಊರಿನ ಒಂದು ಶಾಲೆಯಲ್ಲಿ ನಾನು ಹೊಸ ಟೀಚರ್. ಅಲ್ಲೊಬ್ಬ ಹಿರಿಯ ಮೇಷ್ಟ್ರು ಸಂಜೆ ನೋಟ್‌ಬುಕ್ಕುಗಳ ಕಟ್ಟನ್ನು ಹುಡುಗಿಯರ ಕೈಲಿ ಹೊರಿಸಿ ತಮ್ಮ ಮನೆಗೆ ಕಳಿಸುತ್ತಿದ್ದರು. ಹೋದವರು ಪಾತ್ರೆ ತೊಳೆದು, ನೀರು ತುಂಬಿಟ್ಟು ಬರಬೇಕು. ಸರದಿ ಪ್ರಕಾರ. ಒಬ್ಬ ಹುಡುಗಿಗೆ ಪ್ರತಿ ಗುರುವಾರ ಮಧ್ಯಾಹ್ನ ಹೊಟ್ಟೆನೋವು ಬರುತ್ತಿತ್ತು. ಗುರುವಾರ ಅವಳ ಸರದಿ. ನಾನು ಉಪ್ಪು ಸಕ್ಕರೆ ನೀರು ಕಲಸಿ ಕುಡಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದೆ. ಟರ್ಮ್ ಮುಗಿಯುವಾಗ ಮೇಷ್ಟ್ರಿಗೆ ವರ್ಗವಾಯಿತು, ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟು ಬೀಳ್ಕೊಟ್ಟೆವು. ಹುಡುಗಿ ಶಾಲೆ ಬಿಟ್ಟಳು. ಎಲ್ಲರಿಗೂ ಏನೋ ಗೊತ್ತಿತ್ತು. ಯಾರೂ ಪೊಲೀಸರ ಹತ್ತಿರ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಆಮೇಲೆ 2015ರ ಮೇ ತಿಂಗಳಲ್ಲಿ ನೈರೋಬಿ ಹೈಕೋರ್ಟಿನ ಒಂದು ತೀರ್ಪು ಓದಿದೆ. ಕೀನ್ಯಾದ ನಕುರು ಊರಿನ ಒಂದು ಪ್ರೈಮರಿ ಶಾಲೆಯ ಇಬ್ಬರು ಹುಡುಗಿಯರ ಕೇಸು ಅದು. ಅತ್ಯಾಚಾರ ಮಾಡಿದವನು ಅವರದೇ ಶಾಲೆಯ ಉಪ ಮುಖ್ಯೋಪಾಧ್ಯಾಯ. ನ್ಯಾಯಮೂರ್ತಿ ಮುಂಬಿ ಎನ್‌ಗುಗಿ ಅವರು ಅವನ ಜೊತೆಗೆ, ಸರ್ಕಾರಿ ಶಾಲೆಗಳಿಗೆ ಟೀಚರ್‌ಗಳನ್ನು ನೇಮಿಸುವ ಟೀಚರ್ಸ್ ಸರ್ವಿಸ್ ಕಮಿಷನ್ನನ್ನೂ ಸರ್ಕಾರವನ್ನೂ ಹೊಣೆ ಮಾಡಿದರು. ಒಬ್ಬಳಿಗೆ 20 ಲಕ್ಷ, ಇನ್ನೊಬ್ಬಳಿಗೆ 30 ಲಕ್ಷ ಶಿಲ್ಲಿಂಗ್ ಪರಿಹಾರ. ಇಂಥವರನ್ನು ಶಾಲೆಯಿಂದ ಶಾಲೆಗೆ ಸಾಗಹಾಕಿ, ಕೊನೆಗೆ ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳೋದು ಸಾಲದು ಅಂತ ಖಡಕ್ಕಾಗಿ ಬರೆದರು. ಓದುವಾಗ ನನಗೆ ಆ ಚಹಾ ನೆನಪಾಯಿತು.

ಆದ್ದರಿಂದ ಒಂದು ಮಾತು ನೇರವಾಗಿ: ನಿಮ್ಮ ಮಗು ಏನಾದರೂ ಹೇಳಿದರೆ, ನನಗೆ ಹೇಳಿ ಅಲ್ಲಿಗೇ ಬಿಡಬೇಡಿ. "ಮೇಡಂ ನೋಡ್ಕೊಳ್ತಾರೆ" ಅನ್ನಬೇಡಿ. ಶಾಲೆಯ ಹೆಸರು ಕಾಪಾಡುವ ಆಸೆ ಮುಖ್ಯೋಪಾಧ್ಯಾಯರಿಗೇ ಎಲ್ಲರಿಗಿಂತ ಜಾಸ್ತಿ. ಕೀನ್ಯಾದ 2006ರ ಲೈಂಗಿಕ ಅಪರಾಧಗಳ ಕಾಯ್ದೆಯಲ್ಲಿ ಅಧಿಕಾರ ಬಳಸಿ ವಿದ್ಯಾರ್ಥಿಯನ್ನು ಒಲಿಸಿಕೊಳ್ಳುವವರಿಗೆಂದೇ ಒಂದು ಕಲಮು ಇದೆ. ಕನಿಷ್ಠ 10 ವರ್ಷ ಜೈಲು. ಯಾರಿಗೆ ಅನ್ನುವ ಪಟ್ಟಿಯಲ್ಲಿ ಟೀಚರ್‌ಗಿಂತ ಮೊದಲು ಬರುವುದು ಹೆಡ್ ಟೀಚರ್! ಮಗುವಿನ ಜೊತೆ ಸಂಭೋಗ ನಡೆದಿದ್ದರೆ ಶಿಕ್ಷೆ ಇನ್ನೂ ಕಠಿಣ. ವಯಸ್ಸು 11 ಅಥವಾ ಕಡಿಮೆ ಇದ್ದರೆ ಜೀವಾವಧಿ.

ಕಮಿಷನ್ನಿನ 2010ರ ಸುತ್ತೋಲೆ ಪ್ರಕಾರ ಅನುಮಾನ ಬಂದರೂ ಸಾಕು, ಟೀಚರ್ 24 ಗಂಟೆಯೊಳಗೆ ವರದಿ ಮಾಡಬೇಕು. ಮುಚ್ಚಿಟ್ಟರೆ ಅದೂ ತಪ್ಪೇ. ನಮ್ಮದು ಖಾಸಗಿ ಶಾಲೆಯಾದರೂ ಇದನ್ನೇ ನಿಯಮ ಮಾಡಿದ್ದೇವೆ. ಆದರೂ ನೀವು ನಮಗಾಗಿ ಕಾಯಬೇಡಿ. ಮಕ್ಕಳ ಸಹಾಯವಾಣಿ 116ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ. ಅತ್ಯಾಚಾರ ನಡೆದಿದ್ದರೆ ಮೊದಲು ಆಸ್ಪತ್ರೆ: ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಸ್ನಾನ ಮಾಡಿಸಬೇಡಿ. ಅಮ್ಮಂದಿರ ಕೈ ಮೊದಲು ಹೋಗೋದೇ ಬಕೆಟ್ಟಿನ ಕಡೆಗೆ, ಗೊತ್ತು. ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡ.

ದೊಡ್ಡವರನ್ನು ಕೂರಿಸಿ ರಾಜಿ ಮಾಡಿಸೋಣ ಅಂತ ಯಾರಾದರೂ ಬರುತ್ತಾರೆ. ಬಂದೇ ಬರುತ್ತಾರೆ. ಇಂಥ ಕೇಸು ಕೈಬಿಡುವ ಅಧಿಕಾರ ಕಾನೂನಿನ ಪ್ರಕಾರ ಮನೆಯವರಿಗೂ ಇಲ್ಲ, ಊರ ಹಿರಿಯರಿಗೂ ಇಲ್ಲ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ನಮ್ಮ ಮಕ್ಕಳಿಗೆ ಕೈಕಾಲು, ಕಣ್ಣು ಮೂಗಿನ ಹೆಸರು ಗೊತ್ತು. ಉಳಿದದ್ದಕ್ಕೆಲ್ಲ "ಅದು", "ಅಲ್ಲಿ", ಇಲ್ಲಾಂದ್ರೆ "ಶೇಮ್ ಶೇಮ್". ಹೆಸರೇ ಇಲ್ಲದ ಜಾಗದ ಬಗ್ಗೆ ಮಗು ದೂರು ಹೇಗೆ ಕೊಡಬೇಕು? ಯಾವ ಭಾಷೆಯದಾದರೂ ಸರಿ, ಒಂದು ಪದ ಕಲಿಸಿ. ಗಂಡುಮಕ್ಕಳಿಗೂ. ಮತ್ತೆ, "ಮೇಷ್ಟ್ರು ಹೇಳಿದ್ರೆ ಎದುರು ಮಾತಾಡಬಾರದು" ಅಂತ ಕಲಿಸಿದ್ದೀರಲ್ಲ, ಅದರ ಜೊತೆ "ಮೈ ಮುಟ್ಟಿದರೆ ಮಾತಾಡಬಹುದು, ಓಡಿ ಬರಬಹುದು" ಅಂತಲೂ ಸೇರಿಸಿ. ದೊಡ್ಡ ಮಕ್ಕಳು ತಮಾಷೆಗೆ ಯಾವುದೋ ಟೀಚರನ್ನು "ಫಿಸಿ" ಅಂದರೆ, ಬೈಯಬೇಡಿ, ಯಾಕೆ ಅಂತ ಕೇಳಿ. ಸ್ವಾಹಿಲಿಯಲ್ಲಿ ಫಿಸಿ ಅಂದರೆ ಕತ್ತೆಕಿರುಬ. ಹುಡುಗಿಯರ ಹಿಂದೆ ಬೀಳುವವರಿಗೆ ಮಕ್ಕಳು ಇಡುವ ಹೆಸರು ಅದು.

ಈ ಟರ್ಮಿನಿಂದ ಯಾವ ಟೀಚರೂ ನಮ್ಮ ಮಕ್ಕಳಿಗೆ ತಮ್ಮ ಮನೆಯಲ್ಲಿ ಟ್ಯೂಷನ್ ಹೇಳುವಂತಿಲ್ಲ, ರಾತ್ರಿ ಮಗುವಿಗೆ ಪ್ರತ್ಯೇಕವಾಗಿ ವಾಟ್ಸಾಪ್ ಮೆಸೇಜ್ ಕಳಿಸುವಂತಿಲ್ಲ. ಈಗಾಗಲೇ ಅಂಥ ಟ್ಯೂಷನ್ ನಡೆಯುತ್ತಿದ್ದರೆ ನನಗೆ ತಿಳಿಸಿ. ಟೀಚರ್ ಮೇಲೆ ಚಾಡಿ ಹೇಳಿದಂತಾಗುತ್ತೆ ಅಂದುಕೊಳ್ಳಬೇಡಿ. ಶಾಲೆಯ ಲೈಬ್ರರಿಯಲ್ಲೇ ಜಾಗ ಮಾಡಿಕೊಡುತ್ತೇವೆ.

ಬರುವ ಶನಿವಾರ ಬೆಳಿಗ್ಗೆ 10ಕ್ಕೆ ಹಾಲ್‌ನಲ್ಲಿ ಸಭೆ ಇದೆ. ದಯವಿಟ್ಟು ಅಪ್ಪಂದಿರೂ ಬನ್ನಿ. ಕಳೆದ ಸಲ ನಲವತ್ತು ಕುರ್ಚಿ ಹಾಕಿದ್ದೆವು. ಅಪ್ಪಂದಿರು ಬಂದದ್ದು ಮೂರೇ ಜನ, ಅದರಲ್ಲಿ ಒಬ್ಬರು ಕಾರಿನಲ್ಲೇ ಕೂತಿದ್ದರು.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ನೈರೋಬಿ