ಬಿ.ಪಿ. ಮಾತ್ರೆಯ ಪಕ್ಕದಲ್ಲೇ

ಪ್ರಿಯ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ಸಂಚಿಕೆ ಅಂದರೆ ಈ ಪುಟದಲ್ಲಿ ನಾಡು, ನುಡಿ ಅಂತ ಬರೆಯುವುದು ವಾಡಿಕೆ. ಈ ಸಲ ನನ್ನದೇ ಒಂದು ವಿಷಯ ಹೇಳಬೇಕಾಗಿದೆ. ಆರು ವರ್ಷದಿಂದ ನನಗೆ ಡಿಪ್ರೆಷನ್ ಇದೆ. ದಿನಾ ಮಾತ್ರೆ ತಗೊಳ್ಳುತ್ತೇನೆ. ನಮ್ಮ ಮನೆಯವರನ್ನು ಬಿಟ್ಟರೆ ಇಲ್ಲಿ ಇಂಗ್ಲೆಂಡಿನ ನಮ್ಮ ಕನ್ನಡ ಸಂಘದಲ್ಲಿ ಯಾರಿಗೂ ಇದು ಗೊತ್ತಿಲ್ಲ.

ಶುರುವಾಗಿದ್ದು ಇಂಥದ್ದೇ ಒಂದು ನವೆಂಬರಿನಲ್ಲಿ. ಇಂಗ್ಲೆಂಡಿನ ನವೆಂಬರ್ ನಿಮಗೆ ಗೊತ್ತಲ್ಲ, ನಾಲ್ಕೂವರೆಗೆಲ್ಲ ಕತ್ತಲು. ಚಳಿಗೆ ಹೀಗಾಗುತ್ತಿದೆ ಅಂದುಕೊಂಡೆ. ಆಮೇಲೆ ಆಫೀಸಿನ ಟೆನ್ಷನ್ ಅಂದುಕೊಂಡೆ. ಒಂದು ಸಂಜೆ ಸಾರಿನ ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿದು, ಕರಕಲಾಗಿ, ಮನೆ ತುಂಬ ಹೊಗೆಯಾದರೂ ಸುಮ್ನೆ ನೋಡುತ್ತಾ ನಿಂತಿದ್ದೆ. ಮಗಳು ಓಡಿ ಬಂದು ಒಲೆ ಆರಿಸಿದಳು. ಮಾರನೇ ದಿನ ಜಿ.ಪಿ.ಗೆ, ಅಂದರೆ ಇಲ್ಲಿನ ನಮ್ಮ ಫ್ಯಾಮಿಲಿ ಡಾಕ್ಟರಿಗೆ, ಫೋನ್ ಮಾಡಿದೆ.

ಅಲ್ಲಿ ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಹೀಗಾಗಿದೆ ಅಂತ ಗುರುತು ಹಾಕಬೇಕು. ಮೊದಲನೇ ಪ್ರಶ್ನೆ ಓದಿದಾಗ ನನ್ನ ಅಜ್ಜಿಯ ಮಾತು ಕಿವಿಗೆ ಬಂತು. 'ಯಾವುದರ ಮೇಲೂ ಮನಸ್ಸೇ ಇಲ್ಲ ಕಣವ್ವ' ಅಂತ ಜಗಲಿ ಮೇಲೆ ಕೂತು ಹೇಳುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಅಂತ ನಾವು ಬಿಟ್ಟುಬಿಟ್ಟೆವು. ಡಾಕ್ಟರು ಕೇಳುವ ಮಾತನ್ನೇ ಅಜ್ಜಿ ಅಷ್ಟು ಚೆನ್ನಾಗಿ ಹೇಳುತ್ತಿದ್ದರು. ಕೇಳಿಸಿಕೊಳ್ಳುವವರು ಇರಲಿಲ್ಲ.

ಒಂಬತ್ತನೇ ಪ್ರಶ್ನೆ, ಸತ್ತರೇ ವಾಸಿ ಅನ್ನಿಸಿದೆಯಾ ಅಂತ. ಇಲ್ಲ ಅಂತ ಗುರುತು ಹಾಕಿದೆ. ಅದು ಸುಳ್ಳು. ಮೂರು ವಾರ ಬಿಟ್ಟು ಹೋದಾಗ ಡಾಕ್ಟರು ಅದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರು. ಆಗ ನಿಜ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಇನ್ನೊಂದು ಪ್ರಶ್ನೆ ಕೇಳಿದರು, ಮತ್ತೊಂದು ಕೇಳಿದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನಿಮ್ಮವರ ಬಗ್ಗೆ ಅನುಮಾನ ಬಂದರೆ ದಯವಿಟ್ಟು ಕೇಳಿ. ಯಾರೋ ಕೇಳಿದ್ದಕ್ಕೇ ನಾನು ಹೇಳಿದ್ದು.

ಮಾತ್ರೆ ಮಾರನೇ ದಿನವೇ ಕೆಲಸ ಮಾಡಲಿಲ್ಲ. ಮೊದಲ ಎರಡು ವಾರ ಬರೀ ಹೊಟ್ಟೆ ತೊಳಸುತ್ತಿತ್ತು. ಐದನೇ ವಾರದಲ್ಲಿ ಒಂದು ಬೆಳಗ್ಗೆ ಫಿಲ್ಟರ್ ಕಾಫಿ ವಾಸನೆ ಹಿತ ಅನ್ನಿಸಿತು. ಮಾತ್ರೆಯ ಜೊತೆಗೆ ಕೌನ್ಸೆಲಿಂಗ್ ಕೂಡ ಆಯಿತು. ಪೂರ್ತಿ ವಾಸಿಯಾಗಿದೆಯಾ ಅಂದರೆ, ಇಲ್ಲ. ಹೋದ ಚಳಿಗಾಲದಲ್ಲಿ ಮತ್ತೆ ಜಾಸ್ತಿಯಾಗಿ ಡಾಕ್ಟರು ಡೋಸ್ ಬದಲಿಸಿದರು. ಈ ನಡುವೆ ಕೆಲಸಕ್ಕೂ ಹೋಗುತ್ತಿದ್ದೇನೆ, ಈ ಪತ್ರಿಕೆಯನ್ನೂ ತರುತ್ತಿದ್ದೇನೆ.

ತಿಪಟೂರಿನಿಂದ ಅಮ್ಮ ಬಂದಿದ್ದಾಗ ನನ್ನ ಮಾತ್ರೆ ಬಾತ್‌ರೂಮಿಗೆ ಹೋಯಿತು. ಅವರು ಊಟದ ಮೇಜಿನ ಮೇಲೆ ಶುಗರ್ ಮಾತ್ರೆ, ಬಿ.ಪಿ. ಮಾತ್ರೆ ಹರಡಿಕೊಂಡು, ಬಂದ ನೆಂಟರಿಗೆಲ್ಲ ಲೆಕ್ಕ ಹೇಳುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ನುಂಗುತ್ತಿದ್ದೆ. ಒಂದು ದಿನ ಖಾಲಿ ಸ್ಟ್ರಿಪ್ ಅವರ ಕೈಗೆ ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ಚಿಕ್ಕಪ್ಪನನ್ನ ನಿಮ್ಹಾನ್ಸಿಗೆ ಕರ್ಕೊಂಡು ಹೋಗ್ತಿದ್ವಿ ಕಣೇ. ಊರಲ್ಲಿ ಕೇಳಿದೋರಿಗೆ ಕಾಲುನೋವು ಅಂತಿದ್ವಿ' ಅಂದರು. ನನಗೆ ಅವತ್ತಿನವರೆಗೂ ಚಿಕ್ಕಪ್ಪನಿಗೆ ಕಾಲುನೋವೇ ಇದ್ದದ್ದು!

1974ರಲ್ಲಿ ನಿಮ್ಹಾನ್ಸ್ ಆದ ನಾಡಿನವರು ನಾವು. ಆದರೂ ಜಗಳದಲ್ಲಿ 'ನಿನ್ನ ನಿಮ್ಹಾನ್ಸಿಗೆ ಸೇರಿಸಬೇಕು' ಅನ್ನುವುದು ನಮಗೆ ಬೈಗುಳ. ಅದೇ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ದೀಪಾವಳಿ ಊಟದ ಸಾಲು ನೋಡುವಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಲ್ಲಿ ಕೆಲಸ ಹೋದೀತು ಅನ್ನುವ ಭಯ ಎಷ್ಟೋ ಜನಕ್ಕಿದೆ, ನನಗೂ ಇತ್ತು. ಜಿ.ಪಿ. ನಿಮ್ಮ ವಿಷಯವನ್ನು ನಿಮ್ಮನ್ನು ಕೇಳದೆ ಆಫೀಸಿಗೆ ಹೇಳುವುದಿಲ್ಲ. ಬಹಳ ಕಾಲ ಕಾಡುವ ಮಾನಸಿಕ ಕಾಯಿಲೆಗೆ 2010ರ ಸಮಾನತೆ ಕಾಯ್ದೆಯ ರಕ್ಷಣೆಯೂ ಸಿಗಬಹುದು. ಇಂಗ್ಲೆಂಡಿನಲ್ಲಿ ಟಾಕಿಂಗ್ ಥೆರಪೀಸ್‌ಗೆ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ, ಜಿ.ಪಿ. ಚೀಟಿ ಬೇಡ, ನೀವೇ ಹೆಸರು ಕೊಡಬಹುದು. ದುಭಾಷಿ ಬೇಕಿದ್ದರೆ ಮುಂಚೆಯೇ ಕೇಳಿ, ಸಂಕೋಚ ಬೇಡ. ತೀರಾ ಕಷ್ಟ ಅನ್ನಿಸಿದರೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಮಾನಸಿಕ ತೊಂದರೆಗೆ 2 ಒತ್ತಿ. ಕಷ್ಟ ಹೇಳಿಕೊಂಡರೆ ಕೇಳಿಸಿಕೊಳ್ಳುವ ಸಮಾರಿಟನ್ಸ್ ಸಂಸ್ಥೆಯ ನಂಬರ್ 116 123, ಹಗಲೂ ರಾತ್ರಿ ಇರುತ್ತಾರೆ. ಪ್ರಾಣಕ್ಕೇ ಅಪಾಯ ಅನ್ನಿಸಿದರೆ 999. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಭಾರತದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದು ಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈ ಸಲದ ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದಿನ ಚಿಕ್ಕ ಕೋಣೆಯನ್ನು ಊಟ ಆದಮೇಲೆ ಒಂದು ಗಂಟೆ ಕೇಳಿ ಪಡೆದಿದ್ದೇನೆ. ನಾನು ಅಲ್ಲಿರುತ್ತೇನೆ. ಬಾಗಿಲಿಗೆ ಬೋರ್ಡು ಹಾಕುವುದಿಲ್ಲ. ಬಂದವರು ಮಾತಾಡಲೇಬೇಕು ಅಂತಿಲ್ಲ, ಕೂತು ಹೋದರೂ ಸರಿ. ಫ್ಲಾಸ್ಕಿನಲ್ಲಿ ಕಾಫಿ ತಂದಿರುತ್ತೇನೆ.

ನಿಮ್ಮ
ಸಂಪಾದಕಿ