ಅಣ್ವಸ್ತ್ರ ಬೇಡ ಎನ್ನುವ ನಾಯಕರೇ, ಯಾವ ಇಸವಿಗೆ ಅಂತ ಹೇಳಿ

ಸಂಪಾದಕರಿಗೆ ನಮಸ್ಕಾರ.

ಅಣ್ವಸ್ತ್ರ ಇಲ್ಲದ ಜಗತ್ತು ಬೇಡ ಅಂತ ಬಾಯಿಬಿಟ್ಟು ಹೇಳುವ ರಾಷ್ಟ್ರನಾಯಕರನ್ನು ಹುಡುಕಿದರೂ ಸಿಗುವುದು ಕಷ್ಟ. ಬಾಂಬ್ ಇಟ್ಟುಕೊಂಡವರೂ ಬೇಕು ಅನ್ನುತ್ತಾರೆ, ಅವರ ರಕ್ಷಣೆಯಲ್ಲಿ ಬೆಚ್ಚಗಿರುವವರೂ ಬೇಕು ಅನ್ನುತ್ತಾರೆ. ಆಗಸ್ಟ್ 6 ಬಂತೆಂದರೆ ಹಿರೋಶಿಮಾ ನೆನೆದು ನಾಲ್ಕು ಒಳ್ಳೆ ಮಾತು ಆಡುತ್ತಾರೆ. ಸರಿ ಸ್ವಾಮಿ, ಯಾವಾಗ ಅಂತ ಕೇಳಿ ನೋಡಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಪರಿಸ್ಥಿತಿ ಅನುಕೂಲವಾದಾಗ, ನಂಬಿಕೆ ಬೆಳೆದಾಗ, ಎಲ್ಲರೂ ಒಪ್ಪಿದಾಗ ಅಂತ ಏನೇನೋ ಹೇಳುತ್ತಾರೆ. ಸಾಲ ತೀರಿಸುತ್ತೇನೆ ಅಂತ ಸಿಕ್ಕಾಗಲೆಲ್ಲ ಹೇಳಿ, ಯಾವತ್ತು ಅಂತ ಮಾತ್ರ ಹೇಳದವನನ್ನು ನಾವು ಎಷ್ಟು ನಂಬುತ್ತೇವೋ ಇವರನ್ನೂ ಅಷ್ಟೇ ನಂಬಬೇಕು.

ನನ್ನ ಒತ್ತಾಯ ಒಂದೇ. ಅಮೆರಿಕ, ರಷ್ಯಾ, ಚೀನಾ, ಫ್ರಾನ್ಸ್, ಬ್ರಿಟನ್, ಭಾರತ, ಪಾಕಿಸ್ತಾನ, ಇಸ್ರೇಲ್, ಉತ್ತರ ಕೊರಿಯಾ, ಈ ಒಂಬತ್ತು ದೇಶಗಳ ನಾಯಕರು ಒಂದು ಇಸವಿ ಹೇಳಬೇಕು. ಆ ಇಸವಿಯೊಳಗೆ ಎಲ್ಲರೂ ಒಟ್ಟಿಗೆ, ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತಾ, ಅಣ್ವಸ್ತ್ರಗಳನ್ನು ಪೂರ್ತಿ ಕಳಚಿಹಾಕಬೇಕು, ಅದಕ್ಕೆ ಬೇಕಾದ ಮಾತುಕತೆ ಶುರು ಮಾಡಬೇಕು. ಇದು ಕನಸುಗಾರರ ಮಾತು ಅಂತ ಈಗಲೇ ಪುಟ ತಿರುಗಿಸಬೇಡಿ. ಗಡುವು ಇದ್ದ ಒಪ್ಪಂದಗಳಲ್ಲಿ ಕೆಲಸ ಆಗಿದೆ, ಗಡುವು ಇಲ್ಲದ ಒಪ್ಪಂದಗಳಲ್ಲಿ ಭಾಷಣ ಆಗಿದೆ. ದಾಖಲೆ ಎಲ್ಲರ ಮುಂದೆಯೇ ಇದೆ.

ಮೊದಲು ಗಡುವು ಇಲ್ಲದ್ದನ್ನು ನೋಡೋಣ. ವಿಶ್ವಸಂಸ್ಥೆಯ ಮಹಾಸಭೆ 1946ರ ಜನವರಿ 24ರಂದು ತನ್ನ ಮೊಟ್ಟಮೊದಲ ನಿರ್ಣಯ ಮಾಡಿದ್ದೇ ಈ ವಿಷಯಕ್ಕೆ. ಅಣ್ವಸ್ತ್ರಗಳನ್ನು ತೊಲಗಿಸುವ ದಾರಿ ಹುಡುಕಲು ಒಂದು ಆಯೋಗ ಮಾಡಿದರು. ಹಿರೋಶಿಮಾ, ನಾಗಾಸಾಕಿ ಸುಟ್ಟು ಆರು ತಿಂಗಳೂ ಆಗಿರಲಿಲ್ಲ. ಆ ವರ್ಷ ಮುಗಿಯುವ ಮುಂಚೆಯೇ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ ಹೊಸ ಬಾಂಬ್ ಸಿಡಿಸಿ ಪರೀಕ್ಷೆ ಶುರು ಮಾಡಿತ್ತು, ಆಯೋಗ ಯಾವ ಮೂಲೆ ಸೇರಿತೋ. ಆಮೇಲೆ 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಬಂತು, 1970ರಲ್ಲಿ ಜಾರಿಯಾಯಿತು. ಅದರಲ್ಲಿ ಒಂದು ಕೊಡು-ಕೊಳ್ಳುವಿಕೆ ಇತ್ತು. ಬಾಂಬ್ ಇಲ್ಲದ ದೇಶಗಳು ಇನ್ನು ಮುಂದೆ ಮಾಡಿಕೊಳ್ಳುವುದಿಲ್ಲ ಅಂತ ಮಾತು ಕೊಡಬೇಕು, ಬಾಂಬ್ ಇದ್ದ ಐದು ದೇಶಗಳು ನಿಶ್ಶಸ್ತ್ರೀಕರಣಕ್ಕೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ಮೊದಲನೆಯವರ ಕರ್ತವ್ಯಕ್ಕೆ ತಪಾಸಕರು ಬಂದರು, ಲೆಕ್ಕಪತ್ರ ಬಂತು, ತಪ್ಪಿದರೆ ದಿಗ್ಬಂಧನ ಬಂತು. ಎರಡನೆಯವರ ಕರ್ತವ್ಯ ಆರನೇ ವಿಧಿಯಲ್ಲಿ ಒಂದೇ ವಾಕ್ಯ. ಅದಕ್ಕೆ ತಾರೀಖೂ ಇಲ್ಲ, ತಪಾಸಕರೂ ಇಲ್ಲ.

ಇನ್ನೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಆ ಒಪ್ಪಂದದ ಆಯಸ್ಸು ಮೊದಲು 25 ವರ್ಷ ಮಾತ್ರ ಆಗಿತ್ತು. 1995ರಲ್ಲಿ ಅದನ್ನು ಮುಂದುವರಿಸಬೇಕಾ, ಎಷ್ಟು ಕಾಲ ಅಂತ ಎಲ್ಲರೂ ಕೂತು ತೀರ್ಮಾನಿಸಬೇಕಿತ್ತು. ಬಾಂಬ್ ಇಲ್ಲದವರ ಕೈಯಲ್ಲಿದ್ದ ಒಂದೇ ಒಂದು ಹಿಡಿತ ಅದು. ನೀವು ನಿಮ್ಮ ಪಾಲಿನ ಕೆಲಸ ಮಾಡದಿದ್ದರೆ ನಾವೂ ಯೋಚನೆ ಮಾಡುತ್ತೇವೆ ಅನ್ನಬಹುದಿತ್ತು. ಅನಿರ್ದಿಷ್ಟ ಕಾಲ ಮುಂದುವರಿಯಲಿ ಅಂತ ಅವತ್ತು ತೀರ್ಮಾನವಾಯಿತು, ಇದ್ದೊಂದು ಹಿಡಿತವೂ ಹೋಯಿತು. ಮರುವರ್ಷವೇ, 1996ರ ಜುಲೈ 8ರಂದು, ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ ಸ್ಪಷ್ಟವಾಗಿ ಹೇಳಿತು: ಮಾತುಕತೆ ನಡೆಸಿದರೆ ಸಾಲದು, ಅದನ್ನು ಮುಗಿಸುವ ಹೊಣೆಯೂ ಇದೆ. ಕೇಳಿಸಿಕೊಂಡವರು ಯಾರು?

ಅಣು ಪರೀಕ್ಷೆ ನಿಷೇಧ ಒಪ್ಪಂದದ ಕತೆಯೂ ಹೀಗೇ. 1996ರಲ್ಲಿ ಸಹಿಗೆ ತೆರೆದರು, ಆದರೆ ಅಣು ತಂತ್ರಜ್ಞಾನ ಇರುವ 44 ದೇಶಗಳೂ ಅನುಮೋದಿಸಿದರೆ ಮಾತ್ರ ಜಾರಿ ಅಂತ ಷರತ್ತು ಹಾಕಿದರು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ ಮತ್ತು ಚೀನಾ ಸಹಿ ಹಾಕಿಯೂ ಅನುಮೋದಿಸಿಲ್ಲ. ಅನುಮೋದಿಸಿದ್ದ ರಷ್ಯಾ 2023ರಲ್ಲಿ ಅದನ್ನು ವಾಪಸ್ ಪಡೆಯಿತು.

ಈಗ ಗಡುವು ಇದ್ದ ಕಡೆ ಬನ್ನಿ.

1986ರ ಜನವರಿಯಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಒಂದು ಪ್ರಸ್ತಾಪ ಇಟ್ಟರು. 2000ನೇ ಇಸವಿಯೊಳಗೆ ಜಗತ್ತಿನ ಎಲ್ಲ ಅಣ್ವಸ್ತ್ರ ಮುಗಿಸೋಣ ಅಂದರು. ಪ್ರಚಾರದ ಗಿಮಿಕ್ ಅಂತ ಪಶ್ಚಿಮದಲ್ಲಿ ಬಹಳ ಜನ ನಕ್ಕರು. ಆಗ ಜಗತ್ತಿನಲ್ಲಿ ಸುಮಾರು 70 ಸಾವಿರ ಸಿಡಿತಲೆಗಳಿದ್ದವು, ನಗು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಅದೇ ಅಕ್ಟೋಬರ್‌ನಲ್ಲಿ ಅವರು ಮತ್ತು ಅಮೆರಿಕದ ಅಧ್ಯಕ್ಷ ರೇಗನ್ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಎರಡು ದಿನ ಕೂತು, ಹತ್ತು ವರ್ಷದಲ್ಲಿ ಎಲ್ಲವನ್ನೂ ಮುಗಿಸುವ ಮಾತಿನವರೆಗೂ ಬಂದುಬಿಟ್ಟರು. ಬಾಹ್ಯಾಕಾಶದಿಂದ ಕ್ಷಿಪಣಿ ತಡೆಯುವ ಅಮೆರಿಕದ ಯೋಜನೆಯನ್ನು ಪ್ರಯೋಗಾಲಯದೊಳಗೇ ಇಡಬೇಕಾ ಬೇಡವಾ ಎಂಬಲ್ಲಿ ಜಗಳ ಹತ್ತಿ ಎದ್ದು ಹೋದರು. ವಿಫಲ ಸಭೆ ಅಂತ ಎಲ್ಲರೂ ಬರೆದರು. ಆದರೆ 1987ರ ಡಿಸೆಂಬರ್ 8ರಂದು ಅದೇ ಇಬ್ಬರು, ನೆಲದಿಂದ ಹಾರುವ 500ರಿಂದ 5,500 ಕಿಲೋಮೀಟರ್ ದೂರದ ಕ್ಷಿಪಣಿಗಳನ್ನು ಪೂರ್ತಿ ಇಲ್ಲವಾಗಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಜಾರಿಯಾದ ದಿನದಿಂದ ಮೂರು ವರ್ಷ ಗಡುವು. ಕತ್ತರಿಸಿದರು, ಸುಟ್ಟರು, ಸ್ಫೋಟಿಸಿದರು. 1991ರಲ್ಲಿ ಗಡುವಿನ ಒಳಗೇ 2,692 ಕ್ಷಿಪಣಿಗಳು ಇಲ್ಲವಾದವು. ರಷ್ಯಾದ ವೋಟ್‌ಕಿನ್ಸ್ಕ್ ಕಾರ್ಖಾನೆಯ ಗೇಟಿನಲ್ಲಿ ಅಮೆರಿಕದ ತಪಾಸಕರು, ಅಮೆರಿಕದ ಯೂಟಾದ ಕಾರ್ಖಾನೆ ಗೇಟಿನಲ್ಲಿ ರಷ್ಯಾದ ತಪಾಸಕರು ವರ್ಷಗಟ್ಟಲೆ ಕೂತು ಹೊರಗೆ ಹೋಗುವ ಲಾರಿ, ರೈಲು ನೋಡಿದರು. ಶತ್ರು ದೇಶ ತಪಾಸಣೆಗೆ ಒಪ್ಪುವುದೇ ಇಲ್ಲ ಅನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು. ಹೌದು, ರಷ್ಯಾ ಒಪ್ಪಂದ ಮುರಿದಿದೆ ಅಂತ ಆರೋಪಿಸಿ ಅಮೆರಿಕ 2019ರಲ್ಲಿ ಹೊರಬಂತು, ಒಪ್ಪಂದ ಸತ್ತಿತು. ಆದರೆ ಕಳಚಿದ ಆ ಕ್ಷಿಪಣಿಗಳು ಮತ್ತೆ ಎದ್ದು ಬರಲಿಲ್ಲ.

1993ರಲ್ಲಿ ಇನ್ನೊಂದು ಆಯಿತು, ಅದನ್ನು ಯಾಕೋ ಯಾರೂ ನೆನೆಯುವುದಿಲ್ಲ. ರಷ್ಯಾದ ಸಿಡಿತಲೆಗಳಲ್ಲಿದ್ದ 500 ಟನ್ ಯುರೇನಿಯಂ ಅನ್ನು ತೆಳುಗೊಳಿಸಿ ಅಮೆರಿಕದ ಅಣು ವಿದ್ಯುತ್ ಸ್ಥಾವರಗಳಿಗೆ ಇಂಧನವಾಗಿ ಮಾರುವ ಒಪ್ಪಂದ ಅದು. 20 ವರ್ಷದ ಗಡುವು. 2013ರ ಡಿಸೆಂಬರ್‌ನಲ್ಲಿ ಕೊನೆಯ ಕಂತು ತಲುಪಿತು. ಸುಮಾರು 20 ಸಾವಿರ ಬಾಂಬ್‌ಗಳಿಗೆ ಆಗುವಷ್ಟು ಸರಕು ಅದು, ಅಮೆರಿಕದ ನಗರಗಳಿಗೆ ಗುರಿಯಿಟ್ಟಿದ್ದ ಸರಕು, ಅದೇ ನಗರಗಳಲ್ಲಿ ದೀಪ ಹಚ್ಚಿತು. ಬಾಂಬ್ ಕಳಚಿದರೆ ಆ ಯುರೇನಿಯಂ ಏನು ಮಾಡುತ್ತೀರಿ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆಯಲ್ವಾ?

ಮತ್ತೆ 2010ರ ನ್ಯೂ ಸ್ಟಾರ್ಟ್ ಒಪ್ಪಂದ. ಅಮೆರಿಕ, ರಷ್ಯಾ ಇಬ್ಬರೂ ನಿಯೋಜಿತ, ಅಂದರೆ ಹಾರಿಸಲು ಸಜ್ಜಾಗಿಟ್ಟ, ದೂರಗಾಮಿ ಸಿಡಿತಲೆಗಳನ್ನು ತಲಾ 1,550ಕ್ಕೆ ಇಳಿಸಬೇಕು, 2018ರ ಫೆಬ್ರವರಿ 5 ಕೊನೆ ದಿನ. ಯುಕ್ರೇನ್‌ನಿಂದ ರಷ್ಯಾ ಕಿತ್ತುಕೊಂಡ ಕ್ರೈಮಿಯಾ ವಿಷಯದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದಿದ್ದ ಕಾಲ ಅದು. ಆದರೂ ಇಬ್ಬರೂ ಆ ದಿನಕ್ಕೆ ಮಿತಿ ಮುಟ್ಟಿದರು. ಸ್ನೇಹ ಬೆಳೆಯಲಿ, ಆಮೇಲೆ ನೋಡೋಣ ಅನ್ನುವುದು ಎಷ್ಟು ಸುಳ್ಳು ನೆಪ ಅಂತ ಇದರಿಂದಲೇ ಗೊತ್ತಾಗುತ್ತದೆ. ಆ ಒಪ್ಪಂದದ ಅವಧಿ 2026ರ ಫೆಬ್ರವರಿವರೆಗೆ ಮಾತ್ರ ಇತ್ತು. ಅಷ್ಟರೊಳಗೆ ಮುಂದಿನ ಒಪ್ಪಂದ ಸಿದ್ಧವಾಗಿರಬೇಕಿತ್ತು. ಮಾಡಲಿಲ್ಲ.

ಅಣ್ವಸ್ತ್ರ ಬೇರೆ, ಅದನ್ನು ಸಂಪೂರ್ಣ ನಿಷೇಧಿಸಲಿಕ್ಕಾಗದು ಅನ್ನುವವರಿಗೆ ರಾಸಾಯನಿಕ ಅಸ್ತ್ರಗಳನ್ನು ತೋರಿಸಬೇಕು. 1997ರಲ್ಲಿ ಜಾರಿಯಾದ ಒಪ್ಪಂದ ಹತ್ತು ವರ್ಷ ಕೊಟ್ಟಿತು, ಬೇಕಾದರೆ ಇನ್ನೈದು ವರ್ಷ ಅಂದಿತು. ಭಾರತ ತನ್ನ ಬಳಿ ದಾಸ್ತಾನು ಇದೆ ಅಂತ ಘೋಷಿಸಿ, 2009ರಲ್ಲಿ ಪೂರ್ತಿ ನಾಶ ಮಾಡಿತು. ಎಲ್ಲರಿಗಿಂತ ದೊಡ್ಡ ದಾಸ್ತಾನು, ಸುಮಾರು 40 ಸಾವಿರ ಟನ್, ಇದ್ದ ರಷ್ಯಾ ಗಡುವು ತಪ್ಪಿಸಿತು, 2017ರಲ್ಲಿ ಮುಗಿಸಿತು. ಅಮೆರಿಕ ಇನ್ನೂ ತಡ, 2023ರ ಜುಲೈ. ಗಡುವು ಇದ್ದದ್ದಕ್ಕೇ, ಯಾಕೆ ತಡವಾಯಿತು ಅಂತ ಅವರನ್ನು ಕೇಳಲಿಕ್ಕಾಯಿತು, ವರ್ಷ ವರ್ಷ ಇನ್ನೆಷ್ಟು ಬಾಕಿ ಅಂತ ಲೆಕ್ಕ ಒಪ್ಪಿಸಬೇಕಾಯಿತು. ಸಿರಿಯಾದಂಥ ದೇಶ ಮೋಸವನ್ನೂ ಮಾಡಿತು. ಸಿಕ್ಕಿಬಿದ್ದದ್ದೂ ಅದೇ ಒಪ್ಪಂದದ ತಪಾಸಕರ ಕೈಯಲ್ಲೇ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಯುಕ್ರೇನ್ ಕತೆ ಏನಾಯಿತು? ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಕೊಟ್ಟ ಭರವಸೆ ನಂಬಿ ಯುಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಬಾಂಬ್‌ಗಳನ್ನು ಬಿಟ್ಟುಕೊಟ್ಟಿತು. ಭರವಸೆ ಕೊಟ್ಟ ರಷ್ಯಾವೇ 2014ರಲ್ಲಿ, ಮತ್ತೆ 2022ರಲ್ಲಿ ನುಗ್ಗಿತು. ಇದರಿಂದ ಕಲಿಯಬೇಕಾದ ಪಾಠ ನನ್ನ ಪ್ರಕಾರ ಬೇರೆ. ಒಬ್ಬನೇ ಬಿಟ್ಟುಕೊಟ್ಟು ಎದುರಿಗಿರುವವನ ಕೈಯಲ್ಲಿ ಐದಾರು ಸಾವಿರ ಬಾಂಬ್ ಬಿಟ್ಟರೆ ಹೀಗಾಗುತ್ತದೆ. ಅದಕ್ಕೇ ಎಲ್ಲರೂ ಒಟ್ಟಿಗೆ, ಒಂದೇ ಗಡುವಿಗೆ ಅಂತ ಕೇಳುತ್ತಿರುವುದು. ಇನ್ನು ಬಾಂಬ್ ಇದ್ದರೆ ಯಾರೂ ಮುಟ್ಟುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬ್ರಿಟನ್ ಬಳಿ ಬಾಂಬ್ ಇದ್ದರೂ ಅರ್ಜೆಂಟೀನಾ 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ಭಾರತ, ಪಾಕಿಸ್ತಾನ ಎರಡೂ 1998ರ ಮೇ ತಿಂಗಳಲ್ಲಿ ಪರೀಕ್ಷೆ ಮಾಡಿದವು, ಇನ್ನು ಯುದ್ಧವೇ ಆಗುವುದಿಲ್ಲ ಅಂದವರಿದ್ದರು. ಮರುವರ್ಷವೇ ಕಾರ್ಗಿಲ್.

ತನ್ನ ಕೈಯಾರೆ ಮಾಡಿದ ಬಾಂಬನ್ನು ತಾನೇ ಕಳಚಿದ ದೇಶವೂ ಇದೆ. ದಕ್ಷಿಣ ಆಫ್ರಿಕಾ ಆರು ಬಾಂಬ್ ಮಾಡಿಟ್ಟುಕೊಂಡಿತ್ತು. ಅವನ್ನೆಲ್ಲ ಕಳಚಿ, 1991ರಲ್ಲಿ ಪ್ರಸರಣ ತಡೆ ಒಪ್ಪಂದ ಸೇರಿತು. 1993ರ ಮಾರ್ಚ್‌ನಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಸಂಸತ್ತಿನಲ್ಲಿ ನಿಂತು ಹೇಳುವವರೆಗೂ ಅದು ಗುಟ್ಟಾಗಿತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಹೋಗಿ ಕಡತ, ಉಗ್ರಾಣ ಎಲ್ಲ ನೋಡಿ ಬಂದರು. ವರ್ಣಭೇದದ ಸರ್ಕಾರ ತನ್ನ ಕೊನೆಗಾಲದಲ್ಲಿ ಮಾಡಿದ್ದು ಅಂತ ಮೂಗು ಮುರಿಯುವವರಿದ್ದಾರೆ. ಇರಲಿ, ಬಾಂಬ್ ಅಂತೂ ಹೋಯಿತಲ್ಲ.

ಸುಮ್ಮನೆ ಕಾಯುತ್ತಾ ಕೂರುವುದರಲ್ಲಿ ಏನು ಅಪಾಯ ಅನ್ನುವವರಿಗೆ ಎರಡು ಘಟನೆ ಸಾಕು. 1995ರ ಜನವರಿ 25ರಂದು ನಾರ್ವೆಯಿಂದ ವಿಜ್ಞಾನಿಗಳು ಉತ್ತರ ಧ್ರುವದ ಬೆಳಕಿನ ಅಧ್ಯಯನಕ್ಕೆ ಒಂದು ರಾಕೆಟ್ ಹಾರಿಸಿದರು. ರಷ್ಯಾಕ್ಕೆ ಮೊದಲೇ ತಿಳಿಸಿದ್ದರು. ಆ ಮಾಹಿತಿ ರಾಡಾರ್ ಮುಂದೆ ಕೂತವರಿಗೆ ತಲುಪಿರಲಿಲ್ಲ. ಜಲಾಂತರ್ಗಾಮಿಯಿಂದ ಬಂದ ಕ್ಷಿಪಣಿ ಇರಬಹುದು ಅಂತ ಮೇಲಕ್ಕೆ ಸುದ್ದಿ ಹೋಗಿ, ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಬ್ರೀಫ್‌ಕೇಸ್ ತೆರೆದಿಟ್ಟರು. ಕೆಲವೇ ನಿಮಿಷಗಳ ಮಾತು ಅದು. ಶೀತಲ ಸಮರ ಮುಗಿದು, ಎರಡೂ ಕಡೆ ನಗುನಗುತ್ತಾ ಕೈಕುಲುಕುತ್ತಿದ್ದ ಕಾಲದಲ್ಲೇ ಹೀಗಾಯಿತು. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಭಾರತ ವಿಷಾದ ಹೇಳಿತು, ಮೂವರು ವಾಯುಪಡೆ ಅಧಿಕಾರಿಗಳನ್ನು ವಜಾ ಮಾಡಿತು. ಗಡಿಯಲ್ಲಿ ಗುಂಡಿನ ಚಕಮಕಿ ನಡೆಯುತ್ತಿದ್ದ ವಾರ ಅದು ಆಗಿರಲಿಲ್ಲ, ನಮ್ಮ ಪುಣ್ಯ. ಎಷ್ಟು ಕಾಲ ಪುಣ್ಯ ನಂಬಿಕೊಂಡು ಕೂರೋಣ?

ಈಗ ನಮ್ಮ ದೇಶದ ನಾಯಕರಿಗೆ. ಕಾಲಮಿತಿಯ ನಿಶ್ಶಸ್ತ್ರೀಕರಣ ಬೇಕು ಅನ್ನುವುದು ಭಾರತ ವಿಶ್ವಸಂಸ್ಥೆಯಲ್ಲಿ ವರ್ಷಗಳಿಂದ ಹೇಳುತ್ತಾ ಬಂದ ಮಾತೇ. 1988ರ ಜೂನ್ 9ರಂದು ರಾಜೀವ್ ಗಾಂಧಿ ಅಲ್ಲಿ ಒಂದು ಪೂರ್ತಿ ಯೋಜನೆಯನ್ನೇ ಇಟ್ಟಿದ್ದರು. ಹಂತ ಹಂತವಾಗಿ 2010ರೊಳಗೆ ಎಲ್ಲ ಮುಗಿಯಬೇಕು ಅಂತ ಅದರಲ್ಲಿತ್ತು. ಯಾರೂ ಕಿವಿಗೊಡಲಿಲ್ಲ. ಹತ್ತು ವರ್ಷದ ನಂತರ ನಾವೇ ಪೋಖ್ರಾನ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿದೆವು. ಮೊದಲು ಬಳಸುವುದಿಲ್ಲ ಎಂಬ ನೀತಿ ಇದೆ, ಅದು ಒಳ್ಳೆಯದೇ, ಚೀನಾವೂ 1964ರಿಂದ ಅದನ್ನೇ ಹೇಳುತ್ತಿದೆ. ಹಾಗಿದ್ದರೆ ಇಬ್ಬರೂ ಕೂತು ಅದನ್ನೇ ಒಂದು ಒಪ್ಪಂದವಾಗಿ ಬರೆದು, ಉಳಿದವರನ್ನೂ ಕರೆಯಬಹುದಲ್ಲ? ಪಾಕಿಸ್ತಾನದ ಜೊತೆ ಎಷ್ಟೇ ಜಗಳ ಇದ್ದರೂ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತವೆ. 1992ರಿಂದ ಈ ಕ್ರಮ ಇದೆ, ಕಾರ್ಗಿಲ್ ನಂತರವೂ ಇತ್ತು, ಪುಲ್ವಾಮ ನಂತರವೂ ಇತ್ತು. ತಾರೀಖು ಗೊತ್ತು ಮಾಡಿದರೆ ಶತ್ರುಗಳೂ ಪಾಲಿಸುತ್ತಾರೆ ಅನ್ನುವುದಕ್ಕೆ ದೂರದ ಉದಾಹರಣೆ ಬೇಕಾಗಿಯೇ ಇಲ್ಲ.

2017ರ ಜುಲೈ 7ರಂದು 122 ದೇಶಗಳು ಒಪ್ಪಿದ ಅಣ್ವಸ್ತ್ರ ನಿಷೇಧ ಒಪ್ಪಂದ 2021ರಿಂದ ಜಾರಿಯಲ್ಲಿದೆ. ಬಾಂಬ್ ಇರುವ ಒಂಬತ್ತು ದೇಶಗಳಲ್ಲಿ ಒಂದೂ ಆ ಮಾತುಕತೆಗೆ ಹೋಗಲಿಲ್ಲ, ಭಾರತವೂ ಹೋಗಲಿಲ್ಲ. ಅದರಲ್ಲಿ ಕೊರತೆ ಇರಬಹುದು, ತಪಾಸಣೆಯ ವ್ಯವಸ್ಥೆ ಸಾಲದು ಎಂಬ ಟೀಕೆಯಲ್ಲಿ ಹುರುಳೂ ಇದೆ. ಆದರೆ 2022ರಲ್ಲಿ ವಿಯೆನ್ನಾದಲ್ಲಿ ಸೇರಿದ ಸದಸ್ಯ ದೇಶಗಳು, ಅಣ್ವಸ್ತ್ರ ಇರುವ ದೇಶ ಸೇರಿದರೆ ಅದನ್ನು ನಾಶ ಮಾಡಲು ಹತ್ತು ವರ್ಷ ಅಂತ ಮಿತಿ ಹಾಕಿದವು. ಬಾಂಬ್ ಇಲ್ಲದವರು ಒಂದು ಸಂಖ್ಯೆ ಹೇಳಿದ್ದಾರೆ. ಹತ್ತು ವರ್ಷ ಸಾಲದು ಅಂದರೆ ಎಷ್ಟು ಬೇಕು ಅಂತ ಬಾಂಬ್ ಇರುವವರು ಹೇಳಲಿ. ಹದಿನೈದಾ? ಇಪ್ಪತ್ತೈದಾ? ಚರ್ಚೆ ಮಾಡೋಣ. 70 ಸಾವಿರ ಇದ್ದದ್ದು ಇವತ್ತು 12 ಸಾವಿರದ ಆಸುಪಾಸಿಗೆ ಇಳಿದಿದೆ, ಬಹುಪಾಲು ಕಷ್ಟದ ಕೆಲಸ ಆಗಲೇ ಆಗಿದೆ. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕಿ ಉಳಿದವರ ಸಂಘಟನೆಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅಭಿನಂದಿಸಿದ ನಾಯಕರು ಹಲವರು. ಬದುಕಿರುವ ಆ ಜನರ ಸರಾಸರಿ ವಯಸ್ಸು 85 ದಾಟಿದೆ. ಅಭಿನಂದನೆಯ ಜೊತೆಗೆ ಅವರಿಗೆ ಒಂದು ಇಸವಿಯನ್ನೂ ಹೇಳಬಹುದಿತ್ತು.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಪ್ರಧಾನಿ, ವಿದೇಶಾಂಗ ಸಚಿವರು, ವಿರೋಧ ಪಕ್ಷದ ನಾಯಕರು, ಯಾರೇ ನಿಮ್ಮ ವರದಿಗಾರರ ಎದುರು ಸಿಕ್ಕರೂ ಈ ಪ್ರಶ್ನೆ ಕೇಳಿಸಿ: ಅಣ್ವಸ್ತ್ರ ಮುಕ್ತ ಜಗತ್ತಿಗೆ ನೀವು ಯಾವ ಇಸವಿಯನ್ನು ಪ್ರಸ್ತಾಪಿಸುತ್ತೀರಿ, ಅದನ್ನು ವಿಶ್ವಸಂಸ್ಥೆಯಲ್ಲಿ ಯಾವಾಗ ಇಡುತ್ತೀರಿ? ಉತ್ತರ ಕೊಟ್ಟರೆ ಅಚ್ಚು ಹಾಕಿ. ಪರಿಸ್ಥಿತಿ ಅನುಕೂಲವಾದಾಗ ಅಂದರೆ, ಅದನ್ನೂ ಅವರ ಹೆಸರಿನ ಜೊತೆಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ